ಗರ್ಭಕೋಶ ತೆಗೆಸಿದ ಮೇಲೆ ಮೈಯೆಲ್ಲ ಬಿಸಿಯೇ? ಮೊದಲು ಡಿಸ್ಚಾರ್ಜ್ ಸಮ್ಮರಿ ನೋಡಿ

ಒಲೆಯ ಮುಂದೆ ನಿಂತವರಿಗೆ ಇದ್ದಕ್ಕಿದ್ದಂತೆ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಬಿಸಿ ಏರುತ್ತದೆ. ಎರಡು ಮೂರು ನಿಮಿಷದಲ್ಲಿ ಬೆವರು ಕಿತ್ತುಕೊಂಡು ಬಂದು ಮರುಗಳಿಗೆ ಚಳಿ. ರಾತ್ರಿ ರವಿಕೆ ಒದ್ದೆಯಾಗಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಗರ್ಭಕೋಶ ತೆಗೆಸಿಕೊಂಡ ಎಷ್ಟೋ ಮಹಿಳೆಯರ ಪಾಡು ಇದು. ‘ಆಪರೇಷನ್ ಆಗಿದೆಯಲ್ಲ, ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆದರೆ ಇದು ಸುಮ್ಮನೆ ಸಹಿಸಿಕೊಳ್ಳಬೇಕಾದ ತೊಂದರೆಯಲ್ಲ. ಚಿಕಿತ್ಸೆ ಇದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದೊಳಗಿನ ಶೇ 3.3ರಷ್ಟು ಮಹಿಳೆಯರು ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗಿನಂಥ ತೊಂದರೆಗೂ ಚಿಕ್ಕ ವಯಸ್ಸಿನವರ ಗರ್ಭಕೋಶ ತೆಗೆದರೆಂಬ ದೂರು ರಾಜ್ಯದಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಂಥವರು ಮುಂದೇನು ಮಾಡಬೇಕು?

ಹಂತ 1: ಅಂಡಾಶಯ ಉಳಿದಿದೆಯೇ ತಿಳಿಯಿರಿ

ಈಸ್ಟ್ರೊಜೆನ್ ಹಾರ್ಮೋನು ಬರುವುದು ಮುಖ್ಯವಾಗಿ ಅಂಡಾಶಯದಿಂದ, ಗರ್ಭಕೋಶದಿಂದಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬಿಎಸ್‌ಒ’ ಎಂದಿದ್ದರೆ ಎರಡೂ ಅಂಡಾಶಯ, ಎರಡೂ ನಾಳ ತೆಗೆದಿದ್ದಾರೆ ಎಂದರ್ಥ. ಆಗ ಕೆಲವೇ ದಿನಗಳಲ್ಲಿ ಋತುಬಂಧದ ಲಕ್ಷಣಗಳು ಜೋರಾಗಿ ಶುರುವಾಗಬಹುದು. ‘ಬಿಎಸ್’ ಎಂದಷ್ಟೇ ಇದ್ದರೆ ತೆಗೆದದ್ದು ನಾಳಗಳನ್ನು ಮಾತ್ರ. ಕಾಗದ ಕಳೆದಿದ್ದರೆ ಆಸ್ಪತ್ರೆಯಲ್ಲಿ ಪ್ರತಿ ಕೇಳಬೇಕು. ಬಯಾಪ್ಸಿ ರಿಪೋರ್ಟಿನಲ್ಲೂ ಈ ವಿವರ ಸಿಗುತ್ತದೆ.

ಅಂಡಾಶಯ ಉಳಿದಿದ್ದರೂ ಪೂರ್ತಿ ನಿಶ್ಚಿಂತೆ ಇಲ್ಲ. ಅದಕ್ಕೆ ಹೋಗುವ ರಕ್ತದ ಒಂದು ಪಾಲು ಗರ್ಭಕೋಶದ ಕಡೆಯಿಂದ ಬರುವುದರಿಂದ, ಕೆಲವರಲ್ಲಿ ಅದು ಸಹಜಕ್ಕಿಂತ ಬೇಗ ಕೆಲಸ ನಿಲ್ಲಿಸುತ್ತದೆ.

ಹಂತ 2: ಬರೆದಿಡಿ

ಮುಟ್ಟು ಹೇಗೂ ಬರುವುದಿಲ್ಲವಾದ್ದರಿಂದ ಋತುಬಂಧಕ್ಕೆ ಲಕ್ಷಣಗಳೇ ಸುಳಿವು. ಮೈ ಬಿಸಿಯೇರುವುದು, ರಾತ್ರಿ ಬೆವರು, ಎದೆ ಡವಡವ, ಕೀಲುನೋವು, ಮರೆವು, ಕಾರಣವಿಲ್ಲದ ಅಳು, ಯೋನಿ ಒಣಗುವುದು, ಸಂಭೋಗದಲ್ಲಿ ನೋವು, ಉರಿಮೂತ್ರ: ಇವುಗಳಲ್ಲಿ ಯಾವುದು, ದಿನಕ್ಕೆಷ್ಟು ಸಲ ಎಂದು ಕ್ಯಾಲೆಂಡರಿನಲ್ಲೇ ಗುರುತು ಹಾಕಿದರೆ ಸಾಕು. ಹೇಳಿಕೊಳ್ಳಲು ಸಂಕೋಚವಾದರೆ ಆ ಹಾಳೆಯನ್ನೇ ವೈದ್ಯರ ಮುಂದಿಡಬಹುದು.

ಹಂತ 3: ಬೇಕಾದ ಪರೀಕ್ಷೆ ಮಾತ್ರ

ಎರಡೂ ಅಂಡಾಶಯ ತೆಗೆದಿದ್ದರೆ ಋತುಬಂಧ ಖಚಿತಪಡಿಸಲು ರಕ್ತಪರೀಕ್ಷೆ ಬೇಕಿಲ್ಲ. ಉಳಿದಿದ್ದರೆ ಎಫ್‌ಎಸ್‌ಎಚ್ ಪರೀಕ್ಷೆ ನೆರವಾಗುತ್ತದೆ. ಥೈರಾಯ್ಡ್ ತೊಂದರೆ, ರಕ್ತಹೀನತೆಯಲ್ಲೂ ಇಂಥದೇ ಲಕ್ಷಣಗಳು ಇರುವುದರಿಂದ ಅವನ್ನೂ ನೋಡಿಸಬೇಕು. ಮೂಳೆ ಸವೆತ ತಿಳಿಯಲು ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಬೇಕು.

ಹಂತ 4: ಹಾರ್ಮೋನು ಚಿಕಿತ್ಸೆಯ ಬಗ್ಗೆ ಮಾತಾಡಿ

45ಕ್ಕೆ ಮೊದಲೇ ಈಸ್ಟ್ರೊಜೆನ್ ನಿಂತವರಿಗೆ ಮೂಳೆ ಸವೆತ, ಹೃದ್ರೋಗದ ಅಪಾಯ ಹೆಚ್ಚು. ಹಾಗಾಗಿ ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವುದು ವೈದ್ಯಕೀಯದಲ್ಲಿ ಒಪ್ಪಿತ ಕ್ರಮ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಮಾತ್ರೆಯಲ್ಲದೆ ಚರ್ಮಕ್ಕೆ ಹಚ್ಚುವ ಜೆಲ್ ಕೂಡ ಇದೆ.

‘ಹಾರ್ಮೋನು ಅಂದರೆ ಕ್ಯಾನ್ಸರ್’ ಎಂಬ ಭಯ ಹಬ್ಬಿದ್ದು 2002ರ ಅಮೆರಿಕದ ಅಧ್ಯಯನದಿಂದ. ಅದು ಗರ್ಭಕೋಶವಿದ್ದ, 50 ದಾಟಿದ ಮಹಿಳೆಯರಿಗೆ ಎರಡು ಹಾರ್ಮೋನು ಸೇರಿಸಿ ಕೊಟ್ಟ ಪ್ರಯೋಗ. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೊಜೆನ್ ಮಾತ್ರ ಕೊಟ್ಟ ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಆದರೂ ಸ್ತನ ಕ್ಯಾನ್ಸರ್ ಬಂದಿದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಹಾರ್ಮೋನು ಇಲ್ಲದ ಮಾತ್ರೆಗಳೂ ಉಂಟು.

ಹಂತ 5: ಮನೆಯಲ್ಲಿ

ದಿನಕ್ಕೆ ಸುಮಾರು 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸಿಗುತ್ತದೆ. ಜೊತೆಗೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಇರಲಿ. ಬಿರುಸಿನ ನಡಿಗೆ ಮೂಳೆಗೂ ನಿದ್ದೆಗೂ ಒಳ್ಳೆಯದು. ರಾತ್ರಿ ತೆಳುವಾದ ಹತ್ತಿಬಟ್ಟೆ ಉಡುವುದು, ಖಾರ ಮತ್ತು ಸಂಜೆಯ ಕಾಫಿ ಕಡಿಮೆ ಮಾಡುವುದು ಕೆಲವರಿಗೆ ಅನುಕೂಲ. ಮನಸ್ಸು ಕುಗ್ಗಿದ್ದರೆ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತಡಮಾಡಬೇಡಿ

ಎದೆನೋವು, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಏಕಾಏಕಿ ಉಸಿರುಗಟ್ಟುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಯೋನಿಯಿಂದ ಹೊಸದಾಗಿ ರಕ್ತ ಹೋದರೂ ವೈದ್ಯರಿಗೆ ತೋರಿಸಬೇಕು.

ಆಪರೇಷನ್ ಇನ್ನೂ ಆಗಬೇಕಿರುವವರಿಗೆ

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಮಾತ್ರೆ ಅಥವಾ ಹಾರ್ಮೋನಿರುವ ಕಾಪರ್-ಟಿಯಂಥ ಸಾಧನದಿಂದ ಗುಣವಾಗದೇ? ಅಂಡಾಶಯ ಉಳಿಸುತ್ತೀರಾ? ತೆಗೆಯುವುದಾದರೆ ಕಾರಣವೇನು, ಮುಂದಿನ ಚಿಕಿತ್ಸೆ ಏನು? ಉತ್ತರ ತೃಪ್ತಿ ತರದಿದ್ದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಸ್ತ್ರೀರೋಗ ವಿಭಾಗದಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.