ಬ್ಯಾಟರಿ ಬೆಳಕು ಮುಖಕ್ಕೆ ಬಿಡಬೇಡ ತಮ್ಮಾ

ತಮ್ಮಾ, ಟ್ರೈನಿಂಗ್ ಮುಗಿಸಿ ಠಾಣೆಗೆ ಹಾಜರಾಗುತ್ತೀಯಂತೆ, ಸಂತೋಷ. ಕವಾಯತು, ಸೆಲ್ಯೂಟು ಅಲ್ಲಿ ಕಲಿಸಿರುತ್ತಾರೆ. ಬಂದೂಕು ಹಿಡಿದವನು ಎದುರಾದರೆ ಏನು ಮಾಡಬೇಕೆಂಬುದನ್ನು ಮಾತ್ರ ನನ್ನ ತಪ್ಪಿನಿಂದ ಕಲಿ.

ನಮ್ಮ ಸಾಸ್ವೆಹಳ್ಳಿ ಕಡೆಯ ಮೆಕ್ಕೆಜೋಳದ ಹೊಲ. ತೆನೆ ಹಾಲುಗಟ್ಟಿದ ಕಾಲ, ಹಂದಿ ಕಾಟ. ರಾತ್ರಿ ಬೀಟಿನಲ್ಲಿದ್ದ ನಾನು, ಬದುವಿನ ಮೇಲೆ ಬಂದೂಕು ಹಿಡಿದು ನಿಂತವನ ಹಿಂದಿನಿಂದ ಹೋಗಿ, "ಏಯ್, ಯಾರೋ ಅದು!" ಎಂದು ಗದರಿ ಬ್ಯಾಟರಿ ಬಿಟ್ಟೆ. ಬೆಚ್ಚಿಬಿದ್ದವನು ಸರ್ರನೆ ತಿರುಗಿದ. ನಳಿಗೆ ನನ್ನ ಎದೆಮಟ್ಟಕ್ಕೆ ಬಂತು. ಬೆಳಕು ಕಣ್ಣಿಗೆ ಹೊಡೆದು ಅವನಿಗೆ ನನ್ನ ಖಾಕಿಯೇ ಕಾಣುತ್ತಿರಲಿಲ್ಲ. "ಪೊಲೀಸ್ ಕಣಪ್ಪಾ" ಅಂದಮೇಲೆ ಇಳಿಸಿದ. ಸೊಂಟದಲ್ಲಿ ಪ್ಲಾಸ್ಟಿಕ್ ಸುತ್ತಿ ಸಿಕ್ಕಿಸಿಕೊಂಡಿದ್ದ ಲೈಸೆನ್ಸ್ ಪುಸ್ತಕ ಬಿಚ್ಚಿ ಕೊಟ್ಟ. ಬೆಳೆ ರಕ್ಷಣೆಯದ್ದು, ಎಲ್ಲ ಸರಿಯಿತ್ತು.

ಅದಕ್ಕೇ ಹೇಳುತ್ತೇನೆ: ದೂರದಲ್ಲೇ ನಿಲ್ಲು, ಮರವೋ ಗೋಡೆಯೋ ಮರೆಗಿರಲಿ. ಮೊದಲು ನೀನು ಯಾರೆಂದು ಹೇಳು. ಅವನ ಬೆರಳು ಎಲ್ಲಿದೆ ನೋಡು. ಬಂದೂಕು ಕೆಳಗಿಡಿಸಿ, ನಾಲ್ಕು ಹೆಜ್ಜೆ ಸರಿಸಿ, ಆಮೇಲೆ ಕಾಗದ ಕೇಳು. ಕಿತ್ತುಕೊಳ್ಳಲು ಹೋಗಬೇಡ, ಜಗ್ಗಾಟದಲ್ಲಿ ಗುಂಡಿಗೆ ಕಣ್ಣಿರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಂ ಲೈಸೆನ್ಸ್ ಕೇಳುವ ಅಧಿಕಾರವನ್ನು ನಿನಗೂ ಕೊಟ್ಟಿದೆ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಿ ಬಂದೂಕು ವಶಕ್ಕೆ ತೆಗೆದುಕೊಳ್ಳಬಹುದು. ಕಪಾಳಕ್ಕೆ ಬಿಡುವ ಅಧಿಕಾರ ಯಾವ ಕಲಮಿನಲ್ಲೂ ಇಲ್ಲ.

ಕೊಡಗಿಗೆ ಬಂದೋಬಸ್ತಿಗೆ ಹಾಕಿದರೆ ಊರಿನ ರೀತಿ ತಿಳಿದುಕೊಂಡು ಹೋಗು. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬಕ್ಕೆ ಅಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೇಳಬೇಕಾದದ್ದು ವಿನಾಯಿತಿ ಪತ್ರ.

ಮದುವೆ ಮೆರವಣಿಗೆಯಲ್ಲಿ ಬಿಳಿ ಅಂಗಿಯ ದೊಡ್ಡವರು ಯಾರಾದರೂ ಖುಷಿಗೆ ಗುಂಡು ಹಾರಿಸಿದರೆ ಹಲ್ಲು ಕಿರಿಯುತ್ತಾ ನಿಲ್ಲಬೇಡ. 2019ರ ತಿದ್ದುಪಡಿಯಂತೆ, ಜನರ ಜೀವಕ್ಕೆ ಅಪಾಯವಾಗುವ ಹಾಗೆ ಸಂಭ್ರಮದ ಗುಂಡು ಹಾರಿಸಿದವನಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊಲ ಕಾಯುವವನಿಗೆ ಗದರಿದ ಬಾಯಿ ಅಲ್ಲಿ ಒಣಗಬಾರದು.

ಆ ರಾತ್ರಿ ಪುಸ್ತಕ ಹಿಡಿದ ಅವನ ಕೈಯೂ ನಡುಗುತ್ತಿತ್ತು, ಬ್ಯಾಟರಿ ಹಿಡಿದ ನನ್ನ ಕೈಯೂ ನಡುಗುತ್ತಿತ್ತು. ಆದರೆ ಸಂಬಳ ಬರುತ್ತಿದ್ದುದು ನನಗೊಬ್ಬನಿಗೆ. ಮೊದಲು ಸುಧಾರಿಸಿಕೊಳ್ಳಬೇಕಾದವನೂ ನಾನೇ ಆಗಿದ್ದೆ.