ಮೊಬೈಲ್ ಕ್ಯಾಲೆಂಡರಿನಲ್ಲಿ ರಜಾದಿನಗಳು

ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್ಸ್ ತೆರೆದು, ರಜಾದಿನಗಳ ವಿಭಾಗದಲ್ಲಿ ಭಾರತವನ್ನು ಆರಿಸಿದರೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಗಳು ತಾವಾಗಿಯೇ ಮೂಡುತ್ತವೆ. ಇದಕ್ಕೆ ಎರಡು ನಿಮಿಷ ಸಾಕು; ಕಲಿಕೆಯಿರುವುದು ಮುಂದಿನ ಹಂತದಲ್ಲಿ.

ಸ್ಥಳೀಯ ಹಬ್ಬಗಳನ್ನು ಮಕ್ಕಳೇ ಸೇರಿಸಲಿ. ಮಂತ್ರಾಲಯದ ರಾಯರ ಆರಾಧನೆಯನ್ನು ನಮೂದಿಸಿ, ಅದು ಪ್ರತಿವರ್ಷವೂ ಮರುಕಳಿಸುವಂತೆ ಗುರುತಿಸುವ ಮಗು ಇದ್ದೇ ಇರುತ್ತದೆ. ಕೂಡಲೇ ತಿದ್ದಬೇಡಿ. ಮುಂದಿನ ವರ್ಷದ ಪುಟವನ್ನು ಪಂಚಾಂಗದೊಡನೆ ಹೋಲಿಸಲು ಹೇಳಿ. ಮಧ್ಯಾರಾಧನೆ ನಡೆಯುವುದು ಶ್ರಾವಣ ಬಹುಳ ಬಿದಿಗೆಯಂದು. ಇಂಗ್ಲಿಷ್ ತಾರೀಖು ಬದಲಾಗುತ್ತದೆ. ರಂಜಾನ್ ಹಬ್ಬಕ್ಕಂತೂ ಚಂದ್ರದರ್ಶನವೇ ಪ್ರಮಾಣ. ತಿಥಿಗೂ ತಾರೀಖಿಗೂ ಇರುವ ಭೇದವನ್ನು ಯಾವ ವಿವರಣೆಗಿಂತಲೂ ಈ ಹೋಲಿಕೆ ಚೆನ್ನಾಗಿ ಮನಗಾಣಿಸುತ್ತದೆ.

ನವೆಂಬರ್ 1ರ ಕರ್ನಾಟಕ ರಾಜ್ಯೋತ್ಸವವನ್ನು ಸೇರಿಸಬಹುದೇ ಎಂಬ ಪ್ರಶ್ನೆ ನಮ್ಮ ಕನ್ನಡ ಶಾಲೆಗಳಲ್ಲಿ ಸಹಜ. ಸೇರಿಸಲಿ, ಆದರೆ ರಜೆಯೆಂದಲ್ಲ, ದಿನಾಚರಣೆಯೆಂದು. ನಮ್ಮ ರಜೆಗಳು ಆಂಧ್ರಪ್ರದೇಶ ಸರ್ಕಾರದ ಪಟ್ಟಿಯಂತೆ.

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ದಿನ 1953ರ ಅಕ್ಟೋಬರ್ 1. ಮೇಲ್ತರಗತಿಯ ಮಕ್ಕಳು ಅದನ್ನೂ, ಮನೆಯ ಹಿರಿಯರಿಂದ ಕೇಳಿದ ಒಂದು ಮಾತಿನೊಡನೆ, ಬರೆದಿಡಲಿ. ಇದು ತಾರೀಖಿನ ದಿನ. ಪ್ರತಿವರ್ಷವೂ ಮರುಕಳಿಸುವಂತೆ ಗುರುತಿಸಲು ಅಡ್ಡಿಯಿಲ್ಲ.