ಚಿಪ್ಪುಮೀನಿನ ಊಟ: ಸ್ವಾತಂತ್ರ್ಯವೂ ಜಾಗ್ರತೆಯೂ



ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಸಿಗಡಿ, ಏಡಿ, ಮರುವಾಯಿ, ಪಚ್ಚಿಲೆ ಹಬ್ಬದೂಟಕ್ಕೂ ಬೇಕು, ಮಾಂಸ ವರ್ಜಿಸುವ ತಪಸ್ಸುಕಾಲದ ಶುಕ್ರವಾರಕ್ಕೂ ಬೇಕು. ಹಳೆಯ ಒಡಂಬಡಿಕೆಯ ಕಾಲದಲ್ಲಿ ಹಾಗಿರಲಿಲ್ಲ. ಈಜುರೆಕ್ಕೆ ಮತ್ತು ಪೊರೆ ಇಲ್ಲದ ಜಲಚರಗಳು ಇಸ್ರಯೇಲರಿಗೆ ನಿಷಿದ್ಧವಾಗಿದ್ದವು (ಯಾಜಕಕಾಂಡ 11:9-12). ಹೊರಗಿನಿಂದ ಒಳಗೆ ಹೋಗುವ ಆಹಾರ ಮನುಷ್ಯನನ್ನು ಅಶುದ್ಧಗೊಳಿಸದೆಂದು ಪ್ರಭು ಯೇಸು ಬೋಧಿಸಿದರು (ಮಾರ್ಕ 7:14-23). ಈ ಸ್ವಾತಂತ್ರ್ಯಕ್ಕಾಗಿ ದೇವರಿಗೆ ಸ್ತೋತ್ರ! ಆದರೆ ಅಶುದ್ಧವಲ್ಲದ ಆಹಾರವೂ ಅಪಾಯಕಾರಿ ಆಗಬಹುದು.

ಯಾವುದರ ಜೊತೆ ತಿನ್ನಬಾರದು?

ಸಿಗಡಿ ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂದು ಹಿರಿಯರು ಹೇಳುವುದುಂಟು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಸಿಗಡಿಯ ಜೊತೆ ನಿಂಬೆಹಣ್ಣು ಸೇರಿದರೆ ಪಾಷಾಣವಾಗುತ್ತದೆಂಬ ಮಾತೂ ಸುಳ್ಳು. ಆದರೆ ನಿಂಬೆರಸ ಹಿಂಡಿದ ಮಾತ್ರಕ್ಕೆ ಹಸಿ ಚಿಪ್ಪಿನ ರೋಗಾಣುಗಳು ಸಾಯುವುದಿಲ್ಲ ಎಂಬುದು ನೆನಪಿರಲಿ. ನಿಜವಾಗಿ ದೂರವಿಡಬೇಕಾದದ್ದು ಮದ್ಯ. ಯೂರಿಕ್ ಆಮ್ಲದಿಂದ ಕೀಲು ಬಾವು ಬರುವವರಿಗೆ ಚಿಪ್ಪುಮೀನು ಮತ್ತು ಮದ್ಯ ಸೇರಿದರೆ ನೋವು ಕೆರಳುತ್ತದೆ. ಯಕೃತ್ತಿನ ಕಾಯಿಲೆ ಇರುವವರು ಹಸಿ ಅಥವಾ ಅರೆಬೆಂದ ಚಿಪ್ಪನ್ನು ಮುಟ್ಟಲೇಬಾರದು. ಅದರಲ್ಲಿರಬಹುದಾದ ರೋಗಾಣು ಅವರ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಅಪಾಯ ಎಲ್ಲಿದೆ?

ಮರುವಾಯಿ, ಪಚ್ಚಿಲೆಗಳು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಆ ನೀರಿನಲ್ಲಿ ಚರಂಡಿಯ ಕೊಳೆ ಇದ್ದರೆ ಅದೂ ಒಳಸೇರುತ್ತದೆ. ಕೆಲವೊಮ್ಮೆ ಸಮುದ್ರದ ಸೂಕ್ಷ್ಮ ಪಾಚಿಗಳ ವಿಷವೂ ಸೇರುತ್ತದೆ. 1983ರಲ್ಲಿ ಕುಂಬಳೆಯ ಅಳಿವೆಯಲ್ಲಿ ಇಂಥ ವಿಷಬಾಧೆ ಕಾಣಿಸಿತ್ತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಇದರಿಂದ 7 ಮಂದಿ ತೀರಿಕೊಂಡರು. ಈ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ನೀರಿನ ಬಣ್ಣ ಬದಲಾದಾಗ, ಮೀನು ಸತ್ತು ತೇಲುವಾಗ, ಇಲಾಖೆ ಎಚ್ಚರಿಕೆ ಕೊಟ್ಟಾಗ ಚಿಪ್ಪು ಹೆಕ್ಕಬೇಡಿ, ಕೊಳ್ಳಬೇಡಿ. ತಿಂದ ಮೇಲೆ ತುಟಿ, ನಾಲಿಗೆ, ಬೆರಳ ತುದಿ ಜುಮುಗುಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಧಾವಿಸಿ. ಉಸಿರಾಟ ನಿಲ್ಲುವ ಅಪಾಯವಿದೆ.

ಅಡುಗೆಮನೆಯಲ್ಲಿ

1. ಬಾಯಿ ತೆರೆದ ಚಿಪ್ಪನ್ನು ತಟ್ಟಿ ನೋಡಿ. ಮುಚ್ಚಿಕೊಳ್ಳದಿದ್ದರೆ ಎಸೆಯಿರಿ. ಬೇಯಿಸಿದ ಮೇಲೂ ತೆರೆಯದವನ್ನು ತಿನ್ನಬೇಡಿ.
2. ಚಿಪ್ಪು ತೆರೆದ ಕೂಡಲೇ ಇಳಿಸದೆ, ಇನ್ನೂ ನಾಲ್ಕೈದು ನಿಮಿಷ ಕುದಿಸಿ.
3. ಅಡುಗೆಗೆ ಮುಂಚೆಯೇ ಸತ್ತುಹೋದ ಏಡಿ ಬೇಡ.
4. ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಸುಡುಬೇಸಿಗೆಯಲ್ಲಿ ಒಂದೇ ಗಂಟೆ ಸಾಕು.

ಅತಿಥಿಯ ಮುಂದೆ

ಕೆಲವರ ದೇಹಕ್ಕೆ ಸಿಗಡಿ, ಏಡಿ ಒಗ್ಗುವುದಿಲ್ಲ. ಇದು ಅಲರ್ಜಿ, ಬಿಂಕವಲ್ಲ. ವರ್ಷಗಟ್ಟಲೆ ತಿಂದವರಿಗೂ ದೊಡ್ಡವರಾದ ಮೇಲೆ ಬರಬಹುದು. ಮೈಯೆಲ್ಲ ದದ್ದು ಏಳಬಹುದು, ಮುಖ ಊದಬಹುದು, ಉಸಿರು ಕಟ್ಟಬಹುದು. ಸಿಗಡಿ ಹುರಿದ ಎಣ್ಣೆಯಲ್ಲಿ ಬೇರೇನಾದರೂ ಕರಿದರೂ ಸಾಕು. ನಾವೋ ಒತ್ತಾಯಪಡಿಸಿ ಬಡಿಸುವುದನ್ನೇ ಆದರಾತಿಥ್ಯವೆಂದು ತಿಳಿದವರು! "ಒಂದು ತುಂಡು ತಿಂದರೆ ಏನೂ ಆಗುವುದಿಲ್ಲ" ಎಂಬ ಪ್ರೀತಿಯ ಮಾತೇ ಒಂದು ಜೀವಕ್ಕೆ ಮುಳುವಾಗಬಹುದು.

ತನ್ನ ಊಟದಿಂದ ಸೋದರನಿಗೆ ಎಡವಟ್ಟಾಗುವುದಾದರೆ ಆ ಊಟವನ್ನೇ ಬಿಡಲು ಸಂತ ಪೌಲರು ಸಿದ್ಧರಿದ್ದರು (1 ಕೊರಿಂಥ 8:13). ಅವರು ಹೇಳಿದ್ದು ಮನಸ್ಸಾಕ್ಷಿಯ ವಿಷಯ. ದೇಹದ ವಿಷಯಕ್ಕೂ ಅದೇ ಪ್ರೀತಿ ಸಲ್ಲುತ್ತದೆ.

ಈ ವಾರ ಹೀಗೆ ಮಾಡಿ: ಮನೆಗೆ ಯಾರನ್ನಾದರೂ ಊಟಕ್ಕೆ ಕರೆಯುವಾಗ, ನಿಮಗೆ ಯಾವ ಆಹಾರ ಆಗುವುದಿಲ್ಲ ಎಂದು ಮೊದಲೇ ಕೇಳಿ. ಬೇಡವೆಂದವರನ್ನು ಎರಡನೆಯ ಬಾರಿ ಒತ್ತಾಯಿಸಬೇಡಿ. ಮಕ್ಕಳಿಗೂ ಇದನ್ನು ಕಲಿಸಿ. ಊಟಕ್ಕೆ ಮುಂಚೆ ನಾವು ಮಾಡುವ ಪ್ರಾರ್ಥನೆ ಆಗ ಪಂಕ್ತಿಯಲ್ಲಿ ಕುಳಿತ ಎಲ್ಲರ ಪರವಾಗಿಯೂ ಸಲ್ಲುತ್ತದೆ.